ಇದ್ದಿಲು ಬಸ್ಸಿನ ಹಗ್ಗ

ಈ ಬರಹದಲ್ಲಿ ಬರುವ ಮಾತುಗಳಲ್ಲಿ ಒಂದನ್ನೂ ನಾನು ಕಿವಿಯಿಂದ ಕೇಳಿಲ್ಲ. ಕೆಲವನ್ನು ತುಟಿಯ ಮೇಲೆ ಕಂಡೆ. ಕೆಲವನ್ನು ಆಮೇಲೆ ಯಾರೋ ಹೇಳಿದರು. ಅದನ್ನೂ ಅವರ ತುಟಿಯ ಮೇಲೆಯೇ ಕಂಡೆ. ಎಲ್ಲದಕ್ಕೂ ದನಿ ಕೊಟ್ಟವನು ನಾನೇ. ಬಸ್ಸಿನ ಕಂಡಕ್ಟರನಿಗೆ ನನ್ನ ತಲೆಯೊಳಗೆ ಒಂದು ಕೀರಲು ದನಿ ಇದೆ. ಅದು ಅವನದಲ್ಲ, ನಮ್ಮ ಸ್ಕೂಲಿನ ಮೇಷ್ಟರೊಬ್ಬರದು ಇರಬೇಕು. ಹದಿನಾಲ್ಕನೆಯ ವಯಸ್ಸಿನವರೆಗೆ ಕೇಳಿಸಿಕೊಂಡ ದನಿಗಳಷ್ಟೇ ನನ್ನ ಬಳಿ ಉಳಿದಿರುವುದು. ಆಮೇಲೆ ಸಿಕ್ಕವರಿಗೆಲ್ಲ ಅದರಿಂದಲೇ ಒಂದೊಂದನ್ನು ತೆಗೆದು ಕೊಟ್ಟಿದ್ದೇನೆ.

ಜ್ವರ ಬಂದದ್ದು ಯುದ್ಧ ಶುರುವಾಗುವುದಕ್ಕೆ ಸ್ವಲ್ಪ ಮುಂಚೆ. ಮಳವಳ್ಳಿಯ ಮಿಡ್ಲ್ ಸ್ಕೂಲಿಗೆ ಹೋಗುತ್ತಿದ್ದೆ. ನಮ್ಮ ಹಳ್ಳಿ ಅಲ್ಲಿಂದ ಮದ್ದೂರಿನ ಕಡೆಗೆ ಬರುವ ರಸ್ತೆಯ ಮಗ್ಗುಲಲ್ಲಿತ್ತು. ಜ್ವರ ಬಿಟ್ಟ ಬೆಳಿಗ್ಗೆ ಅವ್ವ ಗಂಜಿಯ ಲೋಟ ಹಿಡಿದುಕೊಂಡು ಬರೀ ಬಾಯಿ ಆಡಿಸುತ್ತಿದ್ದಳು, ತಮಾಷೆ ಮಾಡುತ್ತಿದ್ದಾಳೆಂದು ನಾನು ನಕ್ಕೆ. ಹೀಗೆ ಬರೆದರೆ ಚೆನ್ನಾಗಿರುತ್ತದೆ. ಆದರೆ ನನಗೆ ನಿಜವಾಗಿ ನೆನಪಿರುವುದು ಗಂಜಿಯ ಮೇಲೆ ಕಟ್ಟಿದ್ದ ತೆಳ್ಳನೆಯ ಪೊರೆ ಮಾತ್ರ. ನಕ್ಕದ್ದನ್ನು ಯಾವಾಗಲೋ ಸೇರಿಸಿಕೊಂಡಿದ್ದೇನೆ.

ಕಿವುಡನ ಜೊತೆ ಮಾತಾಡುವಾಗ ನಮ್ಮ ಕಡೆಯ ಜನ ಮಾಡುವ ತಪ್ಪು ಒಂದೇ. ಪಕ್ಕಕ್ಕೆ ಬಂದು, ಕಿವಿಗೆ ಬಾಯಿ ಇಟ್ಟು ಕೂಗುತ್ತಾರೆ. ನನಗೆ ತಿಳಿಯುತ್ತಿದ್ದದ್ದು ಉಸಿರಿನ ಬಿಸಿ, ಎಲೆಅಡಿಕೆಯ ವಾಸನೆ, ಒಂದಿಷ್ಟು ಎಂಜಲು. ಎದುರಿಗೆ ನಿಂತು ಮುಖ ಕೊಟ್ಟು ಮೆಲ್ಲಗೆ ಆಡಿದ್ದರೆ ಅರ್ಧಕ್ಕಿಂತ ಹೆಚ್ಚು ತಿಳಿಯುತ್ತಿತ್ತು. ಹಾಗೆಂದು ಯಾರಿಗೆ ಹೇಳುವುದು? ಜ್ವರದ ಮೇಲೆ ನನ್ನ ದನಿಯೂ ಕೆಟ್ಟಿತ್ತು. ಎಷ್ಟು ಜೋರಾಗಿ ಆಡುತ್ತಿದ್ದೇನೆಂದು ಗೊತ್ತಾಗುತ್ತಿರಲಿಲ್ಲ. ನಾನು ಬಾಯಿ ತೆರೆದರೆ ಎದುರಿನವರ ಮುಖ ಹುಳಿ ತಿಂದಂತಾಗುತ್ತಿತ್ತು. ಬರಬರುತ್ತಾ ಮಾತು ಬಿಟ್ಟೆ. ಅಲ್ಲಿಗೆ ಊರಿನವರು ನನ್ನನ್ನು ಕೆಪ್ಪ ಮಾತ್ರವಲ್ಲ, ಮೂಗ ಎಂದೂ ಲೆಕ್ಕಕ್ಕೆ ಹಿಡಿದರು.

ಇನ್ನೊಂದು ಕಷ್ಟ ಮೀಸೆ. ನಮ್ಮ ಕಡೆ ಗಂಡಸರಿಗೆ ಮೀಸೆಯೆಂದರೆ ಮೇಲ್ತುಟಿಯನ್ನು ಪೂರಾ ಮುಚ್ಚಬೇಕು. ಕೆಪ್ಪನಾದ ನನ್ನ ಪಾಲಿಗೆ ಊರಿನ ಗಂಡಸರಲ್ಲಿ ಮುಕ್ಕಾಲು ಪಾಲು ಮೂಗರೇ. ಅಪ್ಪ ತೀರಿಕೊಂಡಿದ್ದರು, ಮನೆ ನಡೆಸುತ್ತಿದ್ದ ಅಣ್ಣನೂ ಅಂಥದೇ ಒಂದು ಮೀಸೆ ಬಿಟ್ಟ.

ಮನೆಯಲ್ಲಿ ಊಟಕ್ಕೆ ಕಡಿಮೆಯಿರಲಿಲ್ಲ. ಹೊತ್ತಿಗೆ ಸರಿಯಾಗಿ ಮುದ್ದೆ ಬರುತ್ತಿತ್ತು. ಬಾರದೇ ಇದ್ದದ್ದು ಸುದ್ದಿ. ಅವ್ವ ಒಬ್ಬಳು ನನ್ನ ಗದ್ದ ಹಿಡಿದು ತನ್ನ ಕಡೆ ತಿರುಗಿಸಿಕೊಂಡು ಒಂದೆರಡು ಮಾತು ಆಡುತ್ತಿದ್ದಳು. ಅವಳಿಗೂ ದಿನವಿಡೀ ಕೆಲಸ. ಒಂದು ದಿನ ನಾಲ್ಕು ಜನ ಗಾಡಿಯಲ್ಲಿ ಬಿದಿರು, ಹಸಿ ಸೊಪ್ಪು ತಂದು ನಮ್ಮ ಅಂಗಳದಲ್ಲಿ ಇಳಿಸಿದರು. ಅಂಗಳ ಅಗೆದು ಕಂಬ ನೆಟ್ಟರು. ನಾನೂ ಕಂಬ ಹಿಡಿದೆ, ಸೊಪ್ಪು ಎತ್ತಿಕೊಟ್ಟೆ. ಅದು ಮದುವೆ ಚಪ್ಪರ ಎಂದು ತಿಳಿಯಿತು. ಯಾರ ಮದುವೆ ಎಂದು ತಿಳಿಯಲಿಲ್ಲ. ಸಂಜೆ ತಂಗಿಗೆ ಅರಿಸಿನ ಹಚ್ಚುವುದನ್ನು ನೋಡಿದಾಗ ತಿಳಿಯಿತು. ಗಂಡು ಬಂದು ನೋಡಿದ್ದು, ಒಪ್ಪಿದ್ದು, ಒಪ್ಪಂದವಾದದ್ದು ಎಲ್ಲ ನಾನಿದ್ದ ಮನೆಯಲ್ಲೇ ಆಗಿತ್ತು. ಯಾರೂ ಮುಚ್ಚಿಟ್ಟಿರಲಿಲ್ಲ. ಹೇಳಬೇಕೆಂದು ಯಾರಿಗೂ ಹೊಳೆದಿರಲಿಲ್ಲ, ಅಷ್ಟೆ.

ಅವತ್ತು ನಾನು ಅತ್ತೆನೆಂದು ತಂಗಿ ಇವತ್ತಿಗೂ ಹೇಳುತ್ತಾಳೆ. ನನಗೆ ನೆನಪಿರುವಂತೆ ನಾನು ಹಸಿ ಸೊಪ್ಪಿನ ಒಗರು ವಾಸನೆಯಲ್ಲಿ ಚಪ್ಪರದ ಕೆಳಗೆ ಸುಮ್ಮನೆ ನಿಂತಿದ್ದೆ. ಇಬ್ಬರಲ್ಲಿ ಯಾರ ನೆನಪು ಸರಿಯೋ. ಆದರೆ ನನಗೊಂದು ಕೆಲಸ ಬೇಕು, ಅದೂ ಬೇರೆಯವರ ಬಾಯಿಂದ ಏನಾದರೊಂದು ನನಗೆ ಬರಲೇಬೇಕಾದಂಥ ಕೆಲಸ ಬೇಕು ಎನ್ನುವ ಹಟ ಹುಟ್ಟಿದ್ದು ಅಲ್ಲಿಂದಲೇ ಎಂದು ನಂಬಿಕೊಂಡಿದ್ದೇನೆ.

ಯುದ್ಧ ಬಂತು. ಪೆಟ್ರೋಲು ಸಿಗದಂತಾಯಿತು. ಮದ್ದೂರು ಮಳವಳ್ಳಿ ನಡುವೆ ಓಡುತ್ತಿದ್ದ ಬಸ್ಸು ಕೆಲವು ದಿನ ಕಾಣೆಯಾಗಿ, ಆಮೇಲೆ ಹಿಂದುಗಡೆ ಒಂದು ಕಬ್ಬಿಣದ ಪೀಪಾಯಿ ಕಟ್ಟಿಕೊಂಡು ಬಂತು. ಪೀಪಾಯಿಗೆ ಇದ್ದಿಲು ತುಂಬಿ ಬೆಂಕಿ ಹಾಕಿದರೆ ಅದರಿಂದ ಏಳುವ ಹೊಗೆಯಂಥ ಅನಿಲವೇ ಕೊಳವೆಯಲ್ಲಿ ಹೋಗಿ ಎಂಜಿನ್ನನ್ನು ಓಡಿಸಬೇಕು. ಜನ ಅದನ್ನು ಹಂಡೆ ಎಂದರು. ಬಚ್ಚಲ ಹಂಡೆಯನ್ನು ಬಸ್ಸಿಗೆ ಕಟ್ಟಿದ್ದಾರೆ, ಇಳಿಯುವ ಹೊತ್ತಿಗೆ ಸ್ನಾನವೂ ಆಗುತ್ತದೆ ಎಂದು ನಕ್ಕರಂತೆ.

ಆ ಬಸ್ಸು ಒಂದು ಬೆಳಿಗ್ಗೆ ನಮ್ಮ ಹಳ್ಳಿಯ ಹುಣಸೆಮರದ ಹತ್ತಿರ ನಿಂತುಬಿಟ್ಟಿತು. ಬೆಂಕಿ ಸತ್ತಿತ್ತು. ಬೆಂಕಿ ಏಳಬೇಕಾದರೆ ಹಂಡೆಯ ಪಕ್ಕದ ಗಾಳಿಚಕ್ರದ ಹಿಡಿಯನ್ನು ಬಹಳ ಹೊತ್ತು ಕೈಯಲ್ಲಿ ತಿರುಗಿಸಬೇಕು. ತಿರುಗಿಸುತ್ತಿದ್ದವರು ಮದ್ದೂರಿನ ಮೆಕ್ಯಾನಿಕ್ಕು. ಸಾಬರು, ಐವತ್ತರ ಮೇಲಿನವರು, ಬೆವರಿ ಹೋಗಿದ್ದರು. ಹತ್ತಿರ ನಿಂತು ನೋಡುತ್ತಿದ್ದ ನನ್ನನ್ನು ಅವರು ಕರೆದಿರಬೇಕು. ನಾನು ಅಲ್ಲಾಡಲಿಲ್ಲ. ಮರದಡಿ ಕೂತಿದ್ದವರು ಅವರಿಗೆ, “ಅವ್ನು ಕೆಪ್ಪ ಕಣ್ರೀ ಸಾಬ್ರೆ, ನೀವು ಸಂಜೆಗಂಟ ಕೂಗಿದ್ರೂ ತಿರುಗಾಕಿಲ್ಲ” ಎಂದರಂತೆ. ಸಾಬರು ಬಂದು ನನ್ನ ಎದುರಿಗೆ ನಿಂತರು. ಅವರಿಗೆ ಗಡ್ಡವಿತ್ತು, ಮೀಸೆ ಬೋಳಿಸಿದ್ದರು. ಎಲೆಅಡಿಕೆ ಹಾಕಿ ತುಟಿ ಕೆಂಪಗಿತ್ತು. ಅಷ್ಟು ಚೊಕ್ಕವಾದ ಬಾಯಿಯನ್ನು ನಾನು ಎಷ್ಟೋ ವರ್ಷದಿಂದ ಕಂಡಿರಲಿಲ್ಲ.

“ಕಿವಿ ಇಲ್ದಿದ್ರೆ ಬೇಡ. ಕೈ ಅದಲ್ಲ? ತಿರುಗ್ಸು.”

ಒಂದಕ್ಷರ ಬಿಡದೆ ತಿಳಿಯಿತು. ಹಿಡಿ ಹಿಡಿದು ತಿರುಗಿಸಿದೆ. ಹಂಡೆಯ ಸಣ್ಣ ಬಾಯಿಗೆ ಅವರು ಕಡ್ಡಿ ಗೀರಿ ಇಟ್ಟಾಗ ನೀಲಿ ಉರಿ ನಿಂತಿತು. ಅವರು ತಲೆಯಾಡಿಸಿ, ಹಿಂದಿನ ಹಲಗೆಯ ಮೇಲೆ ಹತ್ತಿಕೋ ಎಂದು ಕೈ ಮಾಡಿದರು. ಹತ್ತಿಕೊಂಡೆ. ಅವ್ವನಿಗೆ ಹೇಳಿ ಹೋದೆನೇ, ಹೇಳದೆ ಹೋದೆನೇ? ಎರಡು ಥರವೂ ನೆನಪಿದೆ. ಬಟ್ಟೆಗಂಟು ತೆಗೆದುಕೊಂಡು ಹೋಗಲು ಮತ್ತೆ ಬಂದದ್ದು, ಅಣ್ಣನ ಮೀಸೆ ಬಹಳ ಹೊತ್ತು ಅಲ್ಲಾಡಿದ್ದು ಮಾತ್ರ ನಿಜ.

ಬಸ್ಸಿನ ಯಜಮಾನರು ಮದ್ದೂರಿನವರು, ಜಮೀನುದಾರರ ಮನೆಯ ಗೌಡರು. ಅವರ ಮೀಸೆ ಆ ತಾಲ್ಲೂಕಿನಲ್ಲೇ ದೊಡ್ಡದು. ಅವರು ನನ್ನನ್ನು ನೋಡಿ ಸಾಬರಿಗೆ ಏನೋ ಹೇಳಿದರು; ಸಾಬರು ನನಗೆ ಅದನ್ನು ಬಿಡಿಸಿ ಹೇಳಿದರು. ಹಂಡೆ ನೋಡಿಕೊಳ್ಳುವವನು ಹಿಂದಿನ ಹಲಗೆಯ ಮೇಲೆ ಕೂತಿರುತ್ತಾನೆ, ಏರು ಬಂದಾಗ ಡ್ರೈವರು ಹಾರನ್ ಹೊಡೆದರೆ ಬೆಂಕಿ ಕೆದಕಬೇಕು, ನಿಲ್ಲುವಾಗ ಗಾಳಿಯ ಬಾಗಿಲು ಮುಚ್ಚಬೇಕು, ಈ ಕೆಪ್ಪನಿಗೆ ಹಾರನ್ ಯಾರು ಕೇಳಿಸುತ್ತಾರೆ? ಗೌಡರ ಪ್ರಶ್ನೆ ಅದು. ತಪ್ಪೇನೂ ಇರಲಿಲ್ಲ.

ಸಾಬರು ಅವತ್ತೇ ಒಂದು ನೂಲಿನ ಹಗ್ಗ ತಂದರು. ಒಂದು ತುದಿಯನ್ನು ಡ್ರೈವರ ಸೀಟಿನ ಪಕ್ಕದ ಕಂಬಿಗೆ ಸುತ್ತಿ, ಬಸ್ಸಿನೊಳಗೆ ಜನರ ತಲೆಯ ಮೇಲೆ ಕಬ್ಬಿಣದ ಬಳೆಗಳಲ್ಲಿ ಹಾಯಿಸಿ, ಹಿಂದಿನ ಕಿಟಕಿಯಿಂದ ಹೊರಗೆ ತೆಗೆದು ಇನ್ನೊಂದು ತುದಿಯನ್ನು ನನ್ನ ಎಡತೋಳಿಗೆ ಕಟ್ಟಿದರು. ಒಂದು ಸಲ ಎಳೆದರೆ ಬಸ್ಸು ನಿಲ್ಲುತ್ತದೆ, ಗಾಳಿ ಮುಚ್ಚು. ಎರಡು ಸಲ ಎಳೆದರೆ ಏರು, ಬೆಂಕಿ ಕೆದಕು. ಗೌಡರು ಒಪ್ಪಿದರು. ಒಪ್ಪಿ ಒಂದು ಮಾತು ಸೇರಿಸಿದರು: ಒಂದೇ ಒಂದು ಸಲ ಎಡವಟ್ಟಾದರೂ ಇವನನ್ನು ಊರಿಗೆ ಕಳಿಸಿಬಿಡಬೇಕು.

ಹಗ್ಗ ಕರುವಿಗೆ ಕಟ್ಟುವಷ್ಟು ದಪ್ಪವಿತ್ತು. ಬಸ್ಸಿಗೆ ಬಂದವರು ಬಿಡುತ್ತಾರೆಯೇ? “ಸಾಬ್ರು ಕರ ಕಟ್ಟವ್ರೆ ಕಣ್ಲಾ ಇಂದೆ” ಎಂದು ಒಬ್ಬ. “ಆಲು ಕುಡಿಯಾಕೆ ಯಾವಾಗ ಬುಡ್ತಾರಂತೆ?” ಎಂದು ಇನ್ನೊಬ್ಬ. ಕಂಡಕ್ಟರು ಇದನ್ನೆಲ್ಲ ಬಂದು ನನ್ನ ಎದುರಿಗೆ ಅಭಿನಯಿಸಿ ತೋರಿಸುತ್ತಿದ್ದ. ನನ್ನ ವಯಸ್ಸಿನವನೇ, ಮೀಸೆ ಇನ್ನೂ ಸರಿಯಾಗಿ ಬಂದಿರಲಿಲ್ಲ. ನನ್ನನ್ನೇ ಗೇಲಿ ಮಾಡಿದ ಮಾತನ್ನು ನನಗೇ ತಂದು ಹೇಳುತ್ತಿದ್ದ. ಬೇಜಾರಾಗಲಿಲ್ಲ. ಯಾರೋ ಏನೋ ಅಂದದ್ದು ಅದೇ ದಿನ ನನಗೆ ತಲುಪುತ್ತಿತ್ತಲ್ಲ.

ಆ ಹಗ್ಗದ ಎಳೆತಗಳಲ್ಲಿ ಒಂದು ಅರ್ಥವಿಲ್ಲದ್ದೂ ಸೇರಿಕೊಂಡಿತು. ಟಿಕೆಟ್ ಕೊಡುತ್ತಾ ನಡುವೆ ಬರುವಾಗ ಕಂಡಕ್ಟರು ಹಗ್ಗವನ್ನು ಮೆಲ್ಲಗೆ, ಉದ್ದಕ್ಕೆ ಜಗ್ಗುತ್ತಿದ್ದ. ಹಿಂದಿನಿಂದ ನಾನೂ ಹಾಗೇ ಜಗ್ಗುತ್ತಿದ್ದೆ. ಇದ್ದೀಯಾ, ಇದ್ದೀನಿ. ಅಷ್ಟೇ ಮಾತು. ಹಲಗೆಯ ಮೇಲೆ ಕೂತರೆ ನನಗೆ ಕಾಣುತ್ತಿದ್ದದ್ದು ಹಿಂದಕ್ಕೆ ಓಡುವ ರಸ್ತೆ; ಬಸ್ಸು ಎಲ್ಲಿಗೆ ಹೋಗುತ್ತಿದೆ ಎನ್ನುವುದು ಯಾವತ್ತೂ ಕಾಣಲಿಲ್ಲ. ಬೆನ್ನಿಗೆ ಹಂಡೆಯ ಕಾವು, ಮೂಗಿಗೆ ಇದ್ದಿಲಿನ ಹೊಗೆ, ಮಧ್ಯಾಹ್ನಕ್ಕೆ ತಲೆನೋವು. ತೋಳಿನ ಮೇಲೆ ಹಗ್ಗ ಉಜ್ಜಿ ಒಂದು ಕರೀ ಪಟ್ಟಿ ಬಿದ್ದಿತ್ತು.

ರಾತ್ರಿ ಮಲಗುವುದು ಮದ್ದೂರಿನ ಷೆಡ್ಡಿನಲ್ಲಿ. ಊಟ ಸ್ಟೇಷನ್ ರಸ್ತೆಯ ಹೋಟೆಲಿನಲ್ಲಿ. ಅಲ್ಲಿ ಮಾಣಿ ಬಂದು ಏನೇನಿದೆ ಎಂದು ಗಡಗಡನೆ ಒಪ್ಪಿಸಿ ಮುಖ ತಿರುಗಿಸುತ್ತಿದ್ದ. ನಾನು ಪಕ್ಕದವನ ಎಲೆಯತ್ತ ಬೆರಳು ತೋರಿಸುತ್ತಿದ್ದೆ. ವರ್ಷಗಟ್ಟಲೆ ಪಕ್ಕದವನಿಗೆ ಇಷ್ಟವಾದದ್ದನ್ನೇ ತಿಂದೆ.

ಇನ್ನು ಎಡವಟ್ಟಿನ ದಿನ. ನನ್ನ ಕೆಲಸ ಉಳಿಯುವುದೋ ಹೋಗುವುದೋ ತೀರ್ಮಾನವಾದ ದಿನ ಅದು. ನನ್ನಿಂದ ಹತ್ತು ಮಾರು ದೂರದಲ್ಲಿ, ನನಗೆ ಬೆನ್ನು ಮಾಡಿ ನಿಂತ ಜನರ ನಡುವೆ ತೀರ್ಮಾನವಾಯಿತು. ಅದಕ್ಕೇ ನಾನು ಈ ಭಾಗವನ್ನು ಬರೆದು ಬರೆದು ಹರಿದಿದ್ದೇನೆ.

ಸಂತೆಯ ದಿನಗಳಲ್ಲಿ ಮದ್ದೂರಿಗೆ ಕೋಳಿ ಮಾರಲು ಬಂದು ಹೋಗುವ ಒಬ್ಬ ಅಜ್ಜಿ ಇದ್ದಳು. ಅವಳ ಊರು ಮಳವಳ್ಳಿಯ ದಾರಿಯಲ್ಲಿ, ಕೆರೆ ಏರಿ ದಾಟಿದ ಮೇಲೆ ಬರುವ ದಿಬ್ಬದ ತುದಿಯಲ್ಲಿ. ಕೋಳಿಯ ಮಂಕರಿ ನಾರುತ್ತದೆ ಎಂದು ಕಂಡಕ್ಟರು ಅವಳನ್ನು ಯಾವಾಗಲೂ ಕಡೇ ಸೀಟಿನಲ್ಲಿ, ಹಿಂದಿನ ಕಿಟಕಿಯ ಹತ್ತಿರ ಕೂರಿಸುತ್ತಿದ್ದ. ಅವತ್ತು ಕೋಳಿ ಮಾರಿಹೋಗದೆ ಅವಳು ಮಂಕರಿಯ ಸಮೇತ ವಾಪಸು ಹೊರಟಿದ್ದಳು. ಗೌಡರೂ ಬಸ್ಸಿನಲ್ಲಿದ್ದರು. ಮಳವಳ್ಳಿಯ ತಾಲ್ಲೂಕು ಕಚೇರಿಯಲ್ಲಿ ಏನೋ ಕೆಲಸ, ಮಡಿಯಾದ ಬಿಳೀ ಪಂಚೆ, ರುಮಾಲು, ಡ್ರೈವರ ಪಕ್ಕದ ಸೀಟು.

ದಿಬ್ಬ ಏರುತ್ತಿದ್ದೆವು. ಎರಡು ಎಳೆತ ಬಂದಿತ್ತು. ನಾನು ಬೆಂಕಿ ಕೆದಕಿ ಕೂತಿದ್ದೆ. ಆಗ ಒಂದು ಎಳೆತ ಬಂತು. ಬಲವಾದ ಎಳೆತ, ತೋಳು ಕಿಟಕಿಗೆ ಬಡಿಯಿತು. ಏರಿನ ನಡುವೆ ಯಾಕೆ ನಿಲ್ಲಿಸುತ್ತಾರೆ ಎಂದು ಒಂದು ಕ್ಷಣ ಅನ್ನಿಸಿತೇ? ಅನ್ನಿಸಿರಬೇಕು. ಆದರೆ ಹಗ್ಗ ಹೇಳಿದ್ದನ್ನು ಮಾಡುವುದೇ ನನ್ನ ಕೆಲಸ. ಗಾಳಿಯ ಬಾಗಿಲು ಮುಚ್ಚಿದೆ.

ಬಸ್ಸು ಉಸಿರು ಕಟ್ಟಿದಂತೆ ನಡುಗಿ ನಿಂತಿತು, ಹಿಂದಕ್ಕೆ ಜಾರಿತು. ನಾನು ಹಾರಿ ಇಳಿದು ಚಕ್ರಕ್ಕೆ ಕಲ್ಲು ಕೊಟ್ಟೆ. ಜನ ಇಳಿದರು. ಗೌಡರೂ ಧೂಳಿಗೆ ಇಳಿದರು. ಎಲ್ಲರೂ ಬಸ್ಸಿನ ಮುಂಬಾಗಿಲ ಮಗ್ಗುಲಲ್ಲಿ ಗುಂಪಾದರು. ನಾನು ಹಂಡೆಯ ಹತ್ತಿರವೇ ನಿಂತೆ. ನನಗೆ ಕಂಡದ್ದು ಬೆನ್ನುಗಳು, ಒಂದು ರುಮಾಲು, ಮತ್ತೆ ಮತ್ತೆ ನನ್ನ ಕಡೆ ಚಾಚುತ್ತಿದ್ದ ಗೌಡರ ಕೈ. ಅಷ್ಟು ಸಾಕಾಗಿತ್ತು. ತೋಳೆತ್ತಿ ಹಗ್ಗ ತೋರಿಸಿ, “ಹಗ್ಗ ಎಳೆದರು” ಎಂದು ಕೂಗಿದೆ. ಎಷ್ಟು ವರ್ಷಗಳ ಮೇಲೆ ಆಡಿದ ಮಾತೋ. ಹೇಗೆ ಹೊರಬಂತೋ ಗೊತ್ತಿಲ್ಲ; ಒಂದು ಮಗು ತಾಯಿಯ ಸೆರಗು ಹಿಡಿದು ಅಳಲು ಶುರುಮಾಡಿತು, ಇಬ್ಬರು ಮೂವರು ನಕ್ಕರು. ಬಾಯಿ ಮುಚ್ಚಿಕೊಂಡೆ.

ಅಷ್ಟರಲ್ಲಿ ಅಜ್ಜಿ ಮಂಕರಿಯನ್ನು ಸೊಂಟಕ್ಕೆ ಇಟ್ಟುಕೊಂಡು ಗುಂಪಿನೊಳಗೆ ನುಗ್ಗಿದಳು. ಅವಳ ಕೈ ಮೇಲೆ ಕೆಳಗೆ ಆಡಿತು. ಬೆನ್ನುಗಳೆಲ್ಲ ಒಟ್ಟಿಗೆ ಕುಲುಕಿದವು, ಅಂದರೆ ನಕ್ಕರು. ಗೌಡರು ತಿರುಗಿ ನನ್ನನ್ನು ನೋಡಿದರು. ಮೀಸೆ ಅಲ್ಲಾಡಿತು. ಬಸ್ಸು ಹತ್ತಿದರು.

ಕೆಲಸ ಇದೆಯೋ ಹೋಯಿತೋ? ಜನ ತಳ್ಳಿದರು, ನಾನು ಚಕ್ರ ತಿರುಗಿಸಿದೆ, ಬೆಂಕಿ ಎದ್ದಿತು, ಬಸ್ಸು ಹೊರಟಿತು. ಮಳವಳ್ಳಿಯವರೆಗೂ ತೋಳಿನ ಮೇಲೆ ಕಣ್ಣಿಟ್ಟು ಕೂತಿದ್ದೆ. ಕೊನೆಗೆ ಆ ಅರ್ಥವಿಲ್ಲದ ಎಳೆತ ಬಂತು, ಮೆಲ್ಲಗೆ, ಉದ್ದಕ್ಕೆ. ನಾನೂ ಹಾಗೇ ಜಗ್ಗಿದೆ.

ಆ ಗುಂಪಿನಲ್ಲಿ ಆಡಿದ ಮಾತು ನನಗೆ ಮೂರು ಥರ ಬಂದಿದೆ. ಮಳವಳ್ಳಿಯಲ್ಲಿ ಕಂಡಕ್ಟರು ಹೇಳಿದ ಪ್ರಕಾರ ಅಜ್ಜಿ, “ನಾನೇ ಕಣಪ್ಪ ಎಳ್ದಿದ್ದು. ನಮ್ಮೂರು ಬಂತು, ಕೂಗಿ ಕೂಗಿ ಸಾಕಾಯ್ತು. ಬಸ್ಸು ನಿಲ್ಸಾಕೆ ಅಲ್ದಿದ್ರೆ ಈ ಅಗ್ಗ ಇನ್ಯಾಕೆ ಕಟ್ಟಿದ್ದೀರಿ, ಬಟ್ಟೆ ಒಣಗಾಕಾಕಾ?” ಎಂದಳು. ಸಾಬರು ಯಾರಿಂದಲೋ ಕೇಳಿ ಷೆಡ್ಡಿನಲ್ಲಿ ನನಗೆ ಹೇಳಿದ್ದು ಬೇರೆ: “ಈ ಬಸ್ಸಲ್ಲಿ ನಾನು ಯೋಳಿದ್ದು ಕೇಳಿದೋನು ಆ ಕೆಪ್ಪ ಒಬ್ನೇ” ಎಂದಳಂತೆ, ಗೌಡರು ಅದಕ್ಕೆ ನಕ್ಕುಬಿಟ್ಟರಂತೆ. ನನಗೆ ಈ ಎರಡನೆಯದೇ ಇಷ್ಟ. ಇಷ್ಟವಾದದ್ದರಿಂದಲೇ ಅನುಮಾನ.

ಅದಕ್ಕೆ ಮುಂದಿನ ಸಂತೆಯ ದಿನ ಹಿಂದಿನ ಕಿಟಕಿಯಲ್ಲಿ ಕಂಡ ಅಜ್ಜಿಯನ್ನು ನಾನೇ ಬಾಯಿಬಿಟ್ಟು ಕೇಳಿದೆ. ಅವಳ ಮುಖ ಹುಳಿ ತಿಂದಂತಾಗಲಿಲ್ಲ. ಕಿಟಕಿಯಿಂದ ಕೈ ಹಾಕಿ ನನ್ನ ಗದ್ದ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು, ಅವ್ವ ಮಾಡುತ್ತಿದ್ದ ಹಾಗೆ.

“ನಾನ್ಯಾಕಪ್ಪ ಅಂಗೆಲ್ಲ ಅಂದೇನು? ಕೋಳಿ ಬಿಸ್ಲಿಗೆ ಸಾಯ್ತವೆ, ಬಿರ್ರನೆ ತಳ್ರೋ ಅಂದೆ, ಅಷ್ಟೆಯ.”

ಆಮೇಲೆ ಸಂತೆಯ ದಿನಗಳಲ್ಲಿ ಅವಳು ಆ ಕಿಟಕಿಗೆ ಮುಖ ಕೊಟ್ಟು ತನ್ನ ಊರು ಬರುವವರೆಗೂ ಮಾತಾಡುತ್ತಿದ್ದಳು. ಯಾವ ಕೋಳಿ ಮೊಟ್ಟೆ ತಿನ್ನುತ್ತದೆ, ಬಸರಾಳಿಗೆ ಕೊಟ್ಟ ಮಗಳು ಯಾಕೆ ಬರುವುದಿಲ್ಲ, ಸೊಸೆ ಉಪ್ಪು ಹಾಕುವುದೇ ಇಲ್ಲ. ಹಲ್ಲಿಲ್ಲದ ಬಾಯಿ, ಅರ್ಧ ತಿಳಿಯುತ್ತಿತ್ತು, ಅರ್ಧವನ್ನು ನಾನು ತುಂಬಿಕೊಳ್ಳುತ್ತಿದ್ದೆ. ಇಳಿಯುವಾಗ ಹಗ್ಗ ಮುಟ್ಟುತ್ತಿರಲಿಲ್ಲ. ನನ್ನ ತೋಳು ತಟ್ಟುತ್ತಿದ್ದಳು; ನಾನು ಕಂಡಕ್ಟರಿಗೆ ಹಗ್ಗ ಜಗ್ಗುತ್ತಿದ್ದೆ.

ಯುದ್ಧ ಮುಗಿಯಿತು. ಮುಗಿದ ಮೇಲೂ ಬಹಳ ಕಾಲ ಇದ್ದಿಲೇ ಓಡಿತು. ನನಗೆ ಇದ್ದಿಲು ಮುಗಿಯುತ್ತದೆ ಎನ್ನುವ ಯೋಚನೆಯೇ ಇರಲಿಲ್ಲ. ಪೆಟ್ರೋಲಿಲ್ಲದ್ದರಿಂದ ನನಗೊಂದು ಜಾಗ ಹುಟ್ಟಿತ್ತು, ಪೆಟ್ರೋಲು ಬಂದರೆ ಅದು ಇರುವುದಿಲ್ಲ. ಇಷ್ಟು ಸರಳವಾದ ವಿಷಯ ಬಸ್ಸಿನಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ಒಂದು ಬೆಳಿಗ್ಗೆ ನಾನು ಹಂಡೆಗೆ ಇದ್ದಿಲು ತುಂಬುವ ಮೊದಲೇ ಬಸ್ಸು ನಡುಗಿತು. ಎಂಜಿನ್ ಎದ್ದಿತ್ತು. ಡ್ರೈವರು ಮುಂದೆ ನೋಡುತ್ತಾ ಕೂತಿದ್ದ. ನಾನು ಹಲಗೆಯ ಮೇಲೆ ಕೂತು ಹಗ್ಗವನ್ನು ತೋಳಿಗೆ ಕಟ್ಟಿಕೊಂಡೆ. ಬೆನ್ನಿಗೆ ತಣ್ಣಗಿನ ಕಬ್ಬಿಣ. ಏರು ಬಂತು, ಎರಡು ಎಳೆತ ಬರಲಿಲ್ಲ. ಊರು ಬಂತು, ಒಂದು ಎಳೆತ ಬರಲಿಲ್ಲ. ಮದ್ದೂರಿಗೆ ವಾಪಸು ಬಂದ ಮೇಲೆ ಯಾರಾದರೂ ಹೇಳುತ್ತಾರೆಂದು ಕಾದೆ. ಯಾರೂ ಹೇಳಲಿಲ್ಲ. ಮಾರನೆಯ ದಿನವೂ ಹಾಗೆಯೇ ಹೋಗಿ ಹಲಗೆಯ ಮೇಲೆ ಕೂತೆ.

ಎಷ್ಟು ದಿನ ಹಾಗೆ ಕೂತಿದ್ದೆ? ನನಗೆ ತಿಂಗಳುಗಟ್ಟಲೆ ಅನ್ನಿಸುತ್ತದೆ. ಒಂದು ವಾರವಿದ್ದೀತು. ಬೇರೆಯವನಾಗಿದ್ದರೆ ಬೆನ್ನ ಹಿಂದಿನಿಂದ ಕೂಗಿ, ನಾಳೆಯಿಂದ ಬರಬೇಡ ಎಂದು ಹೇಳಿ ಮುಗಿಸುತ್ತಿದ್ದರು. ಕೆಪ್ಪನಿಗೆ ಹೇಳಬೇಕಾದರೆ ಎದುರಿಗೆ ಬಂದು, ಮುಖ ಕೊಟ್ಟು, ಮೆಲ್ಲಗೆ, ಒಂದೊಂದೇ ಮಾತನ್ನು ಆಡಬೇಕು. ಗೌಡರು ಕಂಡಕ್ಟರಿಗೆ ಹೇಳು ಎಂದರಂತೆ. ಕಂಡಕ್ಟರು ಸಾಬರಿಗೆ ಹೇಳಿ ಎಂದನಂತೆ. ಸಾಬರು ನನ್ನ ಕೈಲಿ ಆಗುವುದಿಲ್ಲ ಎಂದರಂತೆ. ಅವರು ಆ ದಿನಗಳಲ್ಲಿ ನನ್ನನ್ನು ಕಂಡರೆ ತಲೆ ತಗ್ಗಿಸಿ ನಟ್ಟು ಬಿಚ್ಚುತ್ತಿದ್ದರು. ಬಿಚ್ಚಿದ್ದನ್ನೇ ಕಟ್ಟಿ ಮತ್ತೆ ಬಿಚ್ಚುತ್ತಿದ್ದರು. ಆ ತಾಲ್ಲೂಕಿನಲ್ಲಿ ನನಗೆ ಪೂರ್ತಿ ತಿಳಿಯುತ್ತಿದ್ದ ಒಂದೇ ಬಾಯಿ ಅದು. ಅದೂ ನೆಲ ನೋಡಿತು.

ಸಂತೆಯ ದಿನ ಬಂತು. ಅಜ್ಜಿ ಕಡೇ ಸೀಟಿನಲ್ಲಿ ಕೂತು ಬಹಳ ಹೊತ್ತು ನನ್ನನ್ನೂ ತಣ್ಣಗಿನ ಹಂಡೆಯನ್ನೂ ನೋಡಿದಳು. ಅವಳಿಗೆ ಬಸ್ಸಿನೊಳಗಿನ ಮಾತು ಕೇಳಿಸಿತ್ತು. ಕೈ ಹಾಕಿ ನನ್ನ ಗದ್ದ ಹಿಡಿದಳು.

“ನಿನ್ ಕೆಲ್ಸ ಓಯ್ತು ಕಣ ಮಗಾ. ಪೆಟ್ರೋಲ್ ಬಂದದಂತೆ. ಬಸ್ಸೆಲ್ಲ ಅದೇ ಮಾತು. ನಿಂಗೆ ಯೋಳಾಕೆ ಈ ಗಂಡಸ್ರಿಗೆ ಮೊಕ ಇಲ್ಲ.”

ನಾನು ತಿಳಿಯಿತೆಂದು ತಲೆಯಾಡಿಸಿದೆ. ನಂಬದೆ ಇನ್ನೊಂದು ಸಲ ಹೇಳಿದಳು, ಇನ್ನೂ ಮೆಲ್ಲಗೆ, ಹಲ್ಲಿಲ್ಲದ ಬಾಯನ್ನು ದೊಡ್ಡದಾಗಿ ತೆರೆದು. “ಓಯ್ತು. ಕೆಲ್ಸ. ಅಗ್ಗ ಬಿಚ್ಚು.” ಅವಳ ಊರು ಬಂದಾಗ ತೋಳು ತಟ್ಟದೆ ಇಳಿದು ಹೋದಳು. ಮಳವಳ್ಳಿ ಮುಟ್ಟುವ ಮೊದಲು ನಾನು ಹಗ್ಗ ಬಿಚ್ಚಿದೆ. ಕೆಲಸ ಹೋಯಿತು ಎಂದು ಎದೆ ಕುಸಿದಿತ್ತು. ಆದರೆ ಅದರ ಮಗ್ಗುಲಲ್ಲೇ ಇನ್ನೊಂದು ಇತ್ತು, ಅದನ್ನು ಸುಳ್ಳೆನಿಸಿದರೂ ಬರೆಯಬೇಕು: ಒಬ್ಬರು ಹೇಳಿದರು. ಚಪ್ಪರದ ಕಂಬ ನೆಡುವವರೆಗೆ ಬಿಡಲಿಲ್ಲ.

ಮದ್ದೂರಿಗೆ ಬಂದವನು ನೆಟ್ಟಗೆ ಗೌಡರ ಮನೆಗೆ ಹೋದೆ. ಜಗಲಿಯ ಮೇಲೆ ಕೂತಿದ್ದರು. “ನನಗೆ ಕೆಲಸ ಬೇಕು” ಎಂದೆ. ಒಳಗಿನಿಂದ ಹೆಂಗಸರು ಓಡಿ ಬಂದರು, ಅಷ್ಟು ಜೋರಾಗಿ ಆಡಿದ್ದೆನೋ ಏನೋ. ಬಾಯಿ ಮುಚ್ಚಲಿಲ್ಲ. “ಊರಿಗೆ ಹೋಗಲ್ಲ. ಇಲ್ಲೇ ಏನಾದರೂ ಕೊಡಿ. ಕೊಡದಿದ್ದರೆ ನೀವೇ ಹೇಳಿ” ಎಂದೆ.

ಗೌಡರ ಮೀಸೆ ಅಲ್ಲಾಡಿತು. ನಾನು ತಿಳಿಯಲಿಲ್ಲ ಎಂದು ಕೈ ಆಡಿಸಿದೆ. ಮತ್ತೆ ಅಲ್ಲಾಡಿತು, ಇನ್ನೂ ಜೋರಾಗಿ. ಎದ್ದು ಬಂದು ಕಿವಿಗೆ ಬಾಯಿ ಇಡಲು ಹೊರಟರು. ನಾನು ಹಿಂದಕ್ಕೆ ಸರಿದು ನನ್ನ ತುಟಿ ಮುಟ್ಟಿ ತೋರಿಸಿದೆ, ಅವರ ಮೀಸೆ ತೋರಿಸಿದೆ. ಅವರ ಮುಖ ಕೆಂಪಾಯಿತು. ಆಳು ಮಗ ಯಜಮಾನನ ಮೀಸೆಗೆ ಬೆರಳು ತೋರಿಸುವುದೆಂದರೆ ಏನು! ಆಮೇಲೆ ಎರಡು ಕೈಯ ಬೆರಳುಗಳಿಂದ ಮೀಸೆಯ ಎರಡೂ ಕಡೆಯನ್ನು ಮೇಲಕ್ಕೆತ್ತಿ ಹಿಡಿದರು. ಕೆಳಗೆ ತೆಳ್ಳನೆಯ, ಬಿಳುಚಿಕೊಂಡ, ಮಗುವಿನಂಥ ತುಟಿ. ಅದನ್ನು ಅವರ ಹೆಂಡತಿಯಾದರೂ ನೋಡಿದ್ದರೋ ಇಲ್ಲವೋ.

“ಬಸ್ಸಲ್ಲಿ ಕೆಲ್ಸ ಇಲ್ಲ. ಸಂಜೆ ಷೆಡ್ನಲ್ಲಿ ಬಸ್ಸು ತೊಳಿ. ಇರು.”

ಮೀಸೆ ಬಿಟ್ಟರು. ಬಿಟ್ಟ ಮೇಲೂ ಅದು ಸ್ವಲ್ಪ ಹೊತ್ತು ಅಲ್ಲಾಡಿತು. ಇನ್ನೇನೋ ಹೇಳಿದರು. ಅದು ಬೈಗುಳವೋ, ಬೇರೆ ಏನೋ, ಇನ್ನೊಮ್ಮೆ ಎತ್ತಿ ಎನ್ನುವ ಧೈರ್ಯ ನನಗೆ ಆಗಲಿಲ್ಲ.

ಷೆಡ್ಡಿನಲ್ಲಿ ಉಳಿದೆ. ಸಾಬರು ಹಂಡೆ ಬಿಚ್ಚಿ ಮೂಲೆಗೆ ಉರುಳಿಸಿದರು. ಅದರಲ್ಲಿ ನಾವು ಬಸ್ಸು ತೊಳೆಯುವ ನೀರು ತುಂಬಿದೆವು. ಹಗಲಿಡೀ ಬಸ್ಸು ಜನರ ಜೊತೆ ರಸ್ತೆಯಲ್ಲಿರುತ್ತಿತ್ತು, ಜನ ಇಳಿದು ಹೋದ ಮೇಲೆ ನನ್ನ ಬಳಿ ಬರುತ್ತಿತ್ತು. ಸೀಟಿನ ಕೆಳಗೆ ಎಲೆಅಡಿಕೆಯ ಉಗುಳು, ಕಡಲೆಕಾಯಿ ಸಿಪ್ಪೆ. ಸಂತೆಯ ಸಂಜೆಗಳಲ್ಲಿ ಕಡೇ ಸೀಟಿನ ಕೆಳಗೆ ಕೋಳಿಯ ಪುಕ್ಕ. ಅಜ್ಜಿ ಬಂದು ಹೋದಳೆಂದು ಅದರಿಂದ ತಿಳಿಯುತ್ತಿತ್ತು.

ಹಗ್ಗವನ್ನು ತೆಗೆದು ಜೋಪಾನವಾಗಿ ಇಟ್ಟುಕೊಂಡೆ ಎಂದು ಬರೆಯಬೇಕೆನ್ನಿಸುತ್ತದೆ. ಇಟ್ಟುಕೊಳ್ಳಲಿಲ್ಲ. ಹಗ್ಗ ಬಸ್ಸಿನಲ್ಲೇ ಉಳಿಯಿತು. ಕೆಲವು ತಿಂಗಳ ನಂತರ ಸಾಬರು ಡ್ರೈವರ ಕಡೆಯ ತುದಿಗೆ ಒಂದು ಹಿತ್ತಾಳೆಯ ಗಂಟೆ ಕಟ್ಟಿದರು. ನಿಲ್ಲಿಸಬೇಕಾದಲ್ಲಿ ಕಂಡಕ್ಟರು ಎಳೆಯುತ್ತಿದ್ದ; ಜನರೂ ಎಳೆಯುತ್ತಿದ್ದರು. ಆವತ್ತು ಅಜ್ಜಿ ಮಾಡಿದ ತಪ್ಪು ಈಗ ಎಲ್ಲರ ರೂಢಿಯಾಗಿತ್ತು. ಒಂದೊಂದು ಸಂಜೆ ತೊಳೆಯುವಾಗ ನಾನು ಖಾಲಿ ಬಸ್ಸಿನಲ್ಲಿ ಆ ಗಂಟೆಯನ್ನು ಅಂಗೈಯಲ್ಲಿ ಹಿಡಿದು ಹಗ್ಗ ಜಗ್ಗುತ್ತಿದ್ದೆ. ಅಂಗೈ ಜುಂ ಎನ್ನುತ್ತಿತ್ತು.

ಸ್ವಾತಂತ್ರ್ಯ ಬಂದ ದಿನ ಬಸ್ಸಿಗೆ ಮಾವಿನ ಎಲೆ ಕಟ್ಟಿದ್ದರು, ಮುಂದೊಂದು ಬಾವುಟ. ಬಸ್ಸಿನೊಳಗೆ, ಮೇಲೆ, ಏಣಿಯ ಮೇಲೆ ಜನ. ಎಲ್ಲರ ಬಾಯಿ ಒಟ್ಟಿಗೆ ತೆರೆದು ಮುಚ್ಚುತ್ತಿತ್ತು. ನನಗೆ ಅದನ್ನು ಯಾರೂ ಹೇಳಬೇಕಾಗಿರಲಿಲ್ಲ, ಹೋಟೆಲಿನ ಪೇಪರಿನಲ್ಲಿ ಓದಿದ್ದೆ. ಬಕೆಟ್ಟು ಹಿಡಿದು ಷೆಡ್ಡಿನ ಬಾಗಿಲಲ್ಲಿ ನಿಂತಿದ್ದೆ. ಕಂಡಕ್ಟರು ನನ್ನನ್ನು ಕಂಡು ಜನರನ್ನು ತಳ್ಳಿಕೊಂಡು ಓಡಿ ಬಂದು ಎದುರಿಗೆ ನಿಂತ. ಅವನಿಗೆ ಈಗ ಮೀಸೆ ಬಂದಿತ್ತು, ಆದರೆ ತೆಳುವಾದದ್ದು.

“ಸ್ವಾತಂತ್ರ ಬಂತು ಕಣ್ಲಾ!”

ನಾನು ತಿಳಿಯದವನಂತೆ ಕಣ್ಣು ಕಿರಿದು ಮಾಡಿದೆ.

ಅವನು ನನ್ನ ಎರಡೂ ಭುಜ ಹಿಡಿದು, ಮುಖ ಹತ್ತಿರ ತಂದು, ಮೆಲ್ಲಗೆ, ಬಿಡಿಸಿ ಬಿಡಿಸಿ ಹೇಳಿದ. “ಬಿಳೀ ಜನ. ಓದ್ರು. ಇನ್ಮೇಲೆ. ನಮ್ದೇ.” ಪೂರಾ ತಿಳಿಯಿತು. ಇನ್ನೂ ತಿಳಿಯಲಿಲ್ಲವೆಂದು ತಲೆಯಾಡಿಸಿದೆ. ಅವನು ನಕ್ಕು, ಉಸಿರೆಳೆದುಕೊಂಡು, ಮತ್ತೊಂದು ಸಲ ಹೇಳಲು ಬಾಯಿ ತೆರೆದ. ತಟ್ಟನೆ ಬಸ್ಸಿನ ಕಡೆ ತಿರುಗಿ ಓಡಿದ. ಯಾರೋ ಹಗ್ಗ ಎಳೆದಿರಬೇಕು.